ಮೂರನೆಯ ದಿನ ಮೂಡಿದ ಗುರುತು

ನಮ್ಮೂರಿನಲ್ಲಿ ಬಾಸ್ಕೆಟ್‌ಬಾಲ್ ರೆಫ್ರಿಗೆ ಹೆಣ್ಣು ಕೊಡಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ದಾಕ್ಷಾಯಿಣಿಯ ಅಪ್ಪ ಒಪ್ಪಿದ್ದು ನಾನು ಆಗ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದೆ ಎಂಬ ಒಂದೇ ಕಾರಣಕ್ಕೆ. ಮದುವೆಯಾದ ಮೂರನೇ ವರ್ಷ ನಾನು ಕೊರಳಿಗೆ ಸೀಟಿ ಕಟ್ಟಿಕೊಂಡು ಮನೆಗೆ ಬಂದಾಗ ಅವಳು ಸೀದಾ ಅಡುಗೆಮನೆಗೆ ಹೋಗಿ, ಇದ್ದಬದ್ದ ಎಳ್ಳೆಣ್ಣೆಯನ್ನೆಲ್ಲ ಒಂದು ಸೀಸೆಗೆ ಬಗ್ಗಿಸಿ, ಮಂಚದ ಪಕ್ಕದ ಗೂಡಿನಲ್ಲಿ ತಂದಿಟ್ಟಳು. ಇಪ್ಪತ್ತಾರು ವರ್ಷವಾಯಿತು, ಆ ಸೀಸೆ ಅಲ್ಲಿಂದ ಕದಲಿಲ್ಲ.

ವಿಷಯ ಇಷ್ಟೇ. ನಮ್ಮಲ್ಲಿ ಆಟದ ಹೊತ್ತಿಗೆ ಸೀಟಿ ಯಾರ ಕೊರಳಲ್ಲಿರುತ್ತದೋ, ಅಂಗಳದಲ್ಲಿ ಬಿದ್ದ ಏಟೆಲ್ಲ ಅವರ ಮೈಗೆ ಬರುತ್ತದೆ. ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಗೆ ಹೊಕ್ಕರೆ ನನ್ನ ಪಕ್ಕೆ ಚುರ್ ಎನ್ನುತ್ತದೆ. ಮೈಗೆ ಮೈ ತಾಗಿದ್ದೆಲ್ಲ ಬರುವುದಿಲ್ಲ ಅನ್ನಿ. ನ್ಯಾಯವಾಗಿ ತಾಗಿದ್ದು ಗಾಳಿಯ ಹಾಗೆ ಸರಿದುಹೋಗುತ್ತದೆ, ಅನ್ಯಾಯದ್ದು ನೀಲಿಗಟ್ಟುತ್ತದೆ. ಹಾಗಾಗಿ ನಮ್ಮ ಆಟಗಾರರು ಸುಳ್ಳುಸುಳ್ಳೇ ಬೀಳುವುದಿಲ್ಲ. ಹೊರಗಿನಿಂದ ಹೊಸದಾಗಿ ಸಂಬಳಕ್ಕೆ ಬಂದವನು ಯಾವನಾದರೂ ಬಿದ್ದು ಹೊರಳಾಡಿದರೆ ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಾ ನಿಲ್ಲುತ್ತೇನೆ, ಜನ ನಗುತ್ತಾರೆ, ಅವನೇ ನಾಚಿಕೊಂಡು ಚಡ್ಡಿ ಕೊಡವಿಕೊಂಡು ಏಳುತ್ತಾನೆ. ಆಟಕ್ಕೆ ಒಬ್ಬನೇ ರೆಫ್ರಿ. ಇಬ್ಬರನ್ನು ಇಟ್ಟು ನೋಡಿದ್ದರಂತೆ ಒಂದು ಕಾಲದಲ್ಲಿ, ಏಟು ಯಾರ ಮೈಗೆ ಹೋಯಿತೆಂದು ಇಬ್ಬರೂ ಕಿತ್ತಾಡಿಕೊಂಡರಂತೆ.

ಆಟದ ಮಾರನೆಯ ಬೆಳಿಗ್ಗೆ ಎಂಟಕ್ಕೆ ಮೈ ಓದಿಸಬೇಕು. ಹಳೇ ಡಿಸ್ಪೆನ್ಸರಿಯಲ್ಲಿ ಫಕ್ರುದ್ದೀನ್ ಸಾಹೇಬರು ಕೂತಿರುತ್ತಾರೆ. ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದವರು, ಊರಿನ ಅರ್ಧ ಜನಕ್ಕೆ ಇಂಜೆಕ್ಷನ್ ಚುಚ್ಚಿದ ಕೈ. ನಾನು ಅಂಗಿ ಬಿಚ್ಚಿ ಬೆಂಚಿನ ಮೇಲೆ ನಿಲ್ಲಬೇಕು, ಅವರು ಭೂತಗನ್ನಡಿ ಹಿಡಿದು ಗುರುತು ಎಣಿಸಬೇಕು, ಸ್ಕೋರು ಬರೆಯುವವನು ಸೀಟಿಯ ಲೆಕ್ಕ ಓದಬೇಕು. ಎಷ್ಟು ಸೀಟಿಯೋ ಅಷ್ಟು ಗುರುತು. ಒಂದೆರಡು ಆಚೀಚೆಯಾದರೆ ಮನುಷ್ಯನಲ್ಲವೇ ಎಂದು ಬಿಡುತ್ತಾರೆ. ಎರಡು ದಾಟಿದರೆ ಸೀಟಿ ಕಿತ್ತುಕೊಳ್ಳುತ್ತಾರೆ, ಜನ್ಮಕ್ಕೆ. ಯಾವ ಗುರುತು ಯಾವ ಸೀಟಿಗೆ ಎಂದು ಯಾರೂ ಕೇಳುವುದಿಲ್ಲ, ಲೆಕ್ಕ ಕೂಡಿಬಂದರೆ ಮುಗಿಯಿತು. ಇಪ್ಪತ್ತಾರು ವರ್ಷದಲ್ಲಿ ನನ್ನ ಲೆಕ್ಕ ಎರಡಕ್ಕಿಂತ ಹೆಚ್ಚು ತಪ್ಪಿರಲಿಲ್ಲ. ಅದರ ಜಂಬ ನನಗೆ ಇಷ್ಟಿಷ್ಟಿರಲಿಲ್ಲ.

ಇನ್ನು ಸಣ್ಣಪ್ಪನ ವಿಷಯ. ಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಏಳಡಿಗೆ ಎರಡಂಗುಲ ಕಡಿಮೆ, ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲೆ. ಸುಣ್ಣದಗೂಡು ತಂಡಕ್ಕೆ ಹನ್ನೊಂದು ವರ್ಷದಿಂದ ಆಡುತ್ತಿದ್ದ. ರಿಂಗಿಗೆ ಬೆನ್ನು ಮಾಡಿ ಚೆಂಡು ಹಿಡಿದು, ಹಿಂದೆ ಹಿಂದೆ ಒತ್ತುತ್ತಾ ಬಂದನೆಂದರೆ ಎದುರಾಳಿಗಳು ಬಾಗಿಲ ಪರದೆಯ ಹಾಗೆ ಪಕ್ಕಕ್ಕೆ ಸರಿಯುತ್ತಿದ್ದರು. ಅದರಲ್ಲಿ ಎಷ್ಟು ಅವನ ಶಕ್ತಿ, ಎಷ್ಟು ಅವನ ತಪ್ಪು? ಬೇರೆ ಊರುಗಳಲ್ಲಿ ಇದನ್ನು ಬಿಡಿಸಲಾಗದೆ ರೆಫ್ರಿಗಳು ತಲೆ ಚಚ್ಚಿಕೊಳ್ಳುತ್ತಾರಂತೆ. ದೊಡ್ಡವನಾಗಿ ಹುಟ್ಟಿದ್ದಕ್ಕೆ ಸೀಟಿ ಊದಲು ಬರುವುದಿಲ್ಲ, ದೊಡ್ಡವನೆಂದು ಎಲ್ಲವನ್ನೂ ಬಿಡಲೂ ಬರುವುದಿಲ್ಲ. ನಮ್ಮಲ್ಲಿ ಆ ತಾಪತ್ರಯವಿರಲಿಲ್ಲ. ನನ್ನ ಪಕ್ಕೆ ಚುರ್ ಎಂದರೆ ತಪ್ಪು, ಇಲ್ಲದಿದ್ದರೆ ಶಕ್ತಿ.

ಆದರೆ ಒಂದು ಮಾತು ಹೇಳಲೇಬೇಕು. ನನಗೆ ಸಣ್ಣಪ್ಪನನ್ನು ಕಂಡರೆ ಆಗುತ್ತಿರಲಿಲ್ಲ. ಹನ್ನೊಂದು ವರ್ಷ ಅವನ ಮೊಣಕೈ, ಅವನ ಹೆಗಲು, ಅವನ ಸೊಂಟ ಇವುಗಳ ರುಚಿಯನ್ನು ಊರಿನ ಅಷ್ಟೂ ಆಟಗಾರರ ಪರವಾಗಿ ಉಂಡವನು ನಾನು. ಸಂತೆಯಲ್ಲಿ ಅವನು ಎದುರಿಗೆ ಬಂದರೆ ನನ್ನ ಪಕ್ಕೆ ತಾನಾಗಿ ಒಳಗೆಳೆದುಕೊಳ್ಳುತ್ತಿತ್ತು. ಅವನೋ, "ನಮಸ್ಕಾರ ಸಾರ್" ಎಂದು ಎರಡು ಕೈಯೂ ಜೋಡಿಸುತ್ತಿದ್ದ. ನಾನು ಬದನೆಕಾಯಿ ನೋಡುತ್ತಾ ನಿಲ್ಲುತ್ತಿದ್ದೆ.

ಅವನಿಗೂ ಏಟು ಬೀಳುತ್ತಿತ್ತಲ್ಲ, ಅದು? ಬೀಳುತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಒಬ್ಬ ಕೈಗೆ ಜೋತುಬೀಳುವನು, ಒಬ್ಬ ಬೆನ್ನಿಗೆ ಮಂಡಿ ಕೊಡುವನು. ಆದರೆ ಅದ್ಯಾವುದೂ ನನ್ನ ಮೈಗೆ ಬರುತ್ತಿರಲಿಲ್ಲ. ಬರದಿದ್ದ ಮೇಲೆ ಊದುವುದು ಹೇಗೆ? "ಅವನಿಗೇನ್ರೀ, ಬಂಡೆ, ತಾಗೋದೇ ಇಲ್ಲ" ಎಂದು ಊರು ನಗುತ್ತಿತ್ತು. ಎದುರಾಳಿ ತಂಡದವರು ಧೈರ್ಯವಾಗಿ ಹೊಡೆಯುವುದನ್ನು ಕಲಿತರು. ಸಣ್ಣಪ್ಪ ಒಂದು ದಿನವೂ ನನ್ನತ್ತ ತಿರುಗಿ ದೂರಲಿಲ್ಲ. ಬರೀ ಒಂದು ಸಲ ನೋಡುತ್ತಿದ್ದ, ಅಷ್ಟೇ.

ಗುಟ್ಟು ಹೊರಬಿದ್ದದ್ದು ಹಿಟ್ಟಿನ ಗಿರಣಿಯಲ್ಲಿ. ಬಹಳ ವರ್ಷಗಳಿಂದ ನನಗೊಂದು ಕಾಯಿಲೆಯಿತ್ತು: ಆಟವಾಗಿ ಎರಡು ದಿನ ಕಳೆದ ಮೇಲೆ, ಯಾವ ಏಟೂ ಇಲ್ಲದೆ, ಬೆನ್ನು ತೋಳಿನ ಮೇಲೆಲ್ಲ ಹೊಸ ಗುರುತು ಮೂಡುತ್ತಿತ್ತು. ವಯಸ್ಸಾಯಿತು, ರಕ್ತ ಕಡಿಮೆ ಎಂದು ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಒಂದು ಬೆಳಿಗ್ಗೆ ದಾಕ್ಷಾಯಿಣಿ ಜೋಳದ ಹಿಟ್ಟಿನ ಡಬ್ಬಿ ಇಳಿಸಿದವಳೇ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನ ಮುಂದೆ ಬಂದು ನಿಂತಳು.

"ಅಲ್ಲಾರೀ, ಗಿರಣೀಲಿ ಸಣ್ಣಪ್ಪನ ಹೆಂಡ್ತಿ ಸಿಕ್ಕಿದ್ಳು. ಅವನು ಇವತ್ತು ಹಾಸಿಗೆ ಬಿಟ್ಟು ಎದ್ದಿಲ್ವಂತೆ. ಮಗ್ಗುಲು ಬದಲಾಯಿಸಕ್ಕೂ ಆಗ್ತಿಲ್ವಂತೆ."

"ಆಟ ಆಗಿದ್ದು ಮೊನ್ನೆ. ನಿನ್ನೆ ಸಂತೇಲಿ ಚೆನ್ನಾಗೇ ಇದ್ದನಲ್ಲ?"

"ಅದೇ ನಾನೂ ಕೇಳ್ದೆ. ಅವನಿಗೆ ಯಾವಾಗ್ಲೂ ಹಂಗೇ ಅಂತೆ. ಹೊಡೆದಾಗ ಏನೂ ಗೊತ್ತಾಗಲ್ಲ, ಮೂರನೇ ದಿನಕ್ಕೆ ಎಲ್ಲಾ ಒಟ್ಟಿಗೆ ಬರುತ್ತಂತೆ. ಅಷ್ಟು ದೊಡ್ಡ ಮೈ, ನೋವು ಒಳಗಿಂದ ಮೇಲಕ್ಕೆ ಬರೋದ್ರೊಳಗೆ ಎರಡು ದಿನ ಬೇಕಾಗುತ್ತೋ ಏನೋ." ಆಮೇಲೆ ನಿಧಾನಕ್ಕೆ ಹೇಳಿದಳು: "ಅಂಗಿ ಬಿಚ್ಚಿ."

ಬಿಚ್ಚಿದೆ. ಬೆನ್ನ ಮೇಲೆ ಏಳು ಹೊಸ ಗುರುತು. ಅವಳು ಕ್ಯಾಲೆಂಡರ್ ತಂದು ನೆಲದ ಮೇಲೆ ಹರಡಿದಳು. ನನ್ನ ಕಾಯಿಲೆ ಬಂದ ದಿನಗಳಿಗೆಲ್ಲ ಅವಳು ಎಣ್ಣೆ ಬೆರಳಿನ ಗುರುತು ಒತ್ತಿದ್ದಳು. ಒಂದೊಂದೂ ಸುಣ್ಣದಗೂಡು ಆಡಿದ ಮೂರನೆಯ ದಿನ. ಸಣ್ಣಪ್ಪ ಜ್ವರದಿಂದ ಮಲಗಿದ್ದ ತಿಂಗಳು ಕ್ಯಾಲೆಂಡರ್ ಪೂರಾ ಬೆಳ್ಳಗಿತ್ತು.

ಹನ್ನೊಂದು ವರ್ಷ. ನಾನು ಕಬ್ಬಿಣದ ಮಾತ್ರೆ ನುಂಗುತ್ತಾ ಕೂತಿದ್ದ ಹನ್ನೊಂದು ವರ್ಷ, ಆ ಮನುಷ್ಯನ ನೋವು ತಪ್ಪದೆ ನನ್ನ ಮೈಗೆ ಬಂದು ಬಾಗಿಲು ತಟ್ಟಿ ಹೋಗಿತ್ತು.

ನೇರ ಸಾಹೇಬರ ಹತ್ತಿರ ಹೋದೆ. ಅವರು ಪೂರ್ತಿ ಕೇಳಿದರು, ಅದು ಅವರ ದೊಡ್ಡತನ. ಕೇಳಿ, "ಗುರುಬಸವಯ್ಯ, ಮಾರನೇ ಬೆಳಿಗ್ಗೆ ಅಂತ ಯಾಕೆ ಮಾಡಿದಾರೆ ಗೊತ್ತಾ? ಮೂರು ದಿನ ಬಿಟ್ರೆ ನೀವು ಬಾಗಿಲಿಗೆ ಹಾಯ್ಕೊಂಡಿದ್ದೂ ನಾನು ಎಣಿಸ್ಬೇಕಾಗುತ್ತೆ. ಬಚ್ಚಲಲ್ಲಿ ಜಾರಿದ್ದೂ ಫೌಲಾಗುತ್ತೆ" ಎಂದರು. ಸುಳ್ಳೇನಲ್ಲ. ನಾನು ಎದ್ದು ಬಂದೆ.

ಉಳಿದದ್ದು ಒಂದೇ ದಾರಿ, ಕಣ್ಣಿನಿಂದ ನೋಡಿ ಊದುವುದು. ನಿಮಗೆ ನಗು ಬರಬಹುದು. ಬೇರೆ ಊರಿನ ರೆಫ್ರಿಗಳೆಲ್ಲ ಹಾಗೇ ತಾನೆ ಮಾಡುವುದು? ನನಗೆ ಬರುತ್ತಿರಲಿಲ್ಲ ಸ್ವಾಮಿ! ಐವತ್ತೈದರ ವಯಸ್ಸಿನಲ್ಲಿ ನೋಡುವುದನ್ನು ಕಲಿಯಲು ಹೊರಟೆ. ಸಂಜೆ ಹೊತ್ತು ಸುಣ್ಣದಗೂಡಿನ ಅಭ್ಯಾಸಕ್ಕೆ ಹೋಗಿ, ಸೀಟಿಯಿಲ್ಲದೆ, ಬೇಲಿಯಾಚೆ ನಿಂತು ಸಣ್ಣಪ್ಪನ ಸುತ್ತ ಓಡಾಡುವ ಕೈಗಳನ್ನೇ ನೋಡುತ್ತಿದ್ದೆ. ಎಷ್ಟು ಕೈ, ದೇವರೇ! ಚೆಂಡಿನ ಕಡೆ ಹೋದ ಕೈ ಯಾವುದು, ಮುಂಗೈಗೆ ಹೋದ ಕೈ ಯಾವುದು? ಕಣ್ಣು ಒಂದು ಹೇಳಿದರೆ ಮನಸ್ಸು ಇನ್ನೊಂದು ಹೇಳುತ್ತಿತ್ತು. ಮೈ ಯಾವತ್ತೂ ನನ್ನ ಜೊತೆ ವಾದಿಸಿರಲಿಲ್ಲ. ಈ ಕಣ್ಣು ಮಹಾ ವಾದಿ.

ಫೈನಲ್ ಬಂತು. ಸುಣ್ಣದಗೂಡಿಗೂ ಕೋಟೆಬಾಗಿಲಿಗೂ. ಸಣ್ಣಪ್ಪನಿಗೆ ಮೂವತ್ತನಾಲ್ಕು ತುಂಬಿತ್ತು, ಇದೇ ಕೊನೆ ಎಂದು ಅವನೇ ಹೇಳಿಕೊಂಡಿದ್ದ. ಕಪ್ಪು ಒಮ್ಮೆಯೂ ಅವನ ಕೈಗೆ ಬಂದಿರಲಿಲ್ಲ. ಕೋಟೆಬಾಗಿಲಿನವರು ಅವನನ್ನು ಹಿಡಿಯಲು ಪಾಲಾಕ್ಷನನ್ನು ಬಿಟ್ಟಿದ್ದರು. ಪಾಲಾಕ್ಷ ಕೆಟ್ಟವನಲ್ಲ. ತನಗಿಂತ ಒಂದು ಮೊಳ ಎತ್ತರದವನನ್ನು ತಡೆ ಎಂದರೆ ಯಾರಾದರೂ ಏನು ಮಾಡುತ್ತಾರೆ? ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ.

ಆಟ ಶುರುವಾದ ಎರಡನೇ ನಿಮಿಷಕ್ಕೆ ಪಾಲಾಕ್ಷ ಸಣ್ಣಪ್ಪನ ತೋಳು ಎಳೆದ. ನನ್ನ ತೋಳಿನಲ್ಲಿ ಏನೂ ಇಲ್ಲ. ಕಣ್ಣು ಮಾತ್ರ, ಎಳೆದ, ಎಳೆದ ಎನ್ನುತ್ತಿತ್ತು. ಊದಿದೆ. ಇಡೀ ಅಂಗಳ ಗಪ್‌ಚಿಪ್. ಸಣ್ಣಪ್ಪನೇ ಬಾಯಿ ಬಿಟ್ಟುಕೊಂಡು ನನ್ನನ್ನು ನೋಡಿದ. ಫ್ರೀ ಥ್ರೋ ಎರಡು ಕೊಟ್ಟೆ, ಮಹಾರಾಯ ಎರಡನ್ನೂ ತಪ್ಪಿಸಿಕೊಂಡ. ಅಭ್ಯಾಸವೇ ಇಲ್ಲ, ಪಾಪ, ಯಾರು ಕೊಟ್ಟಿದ್ದರು ಅವನಿಗೆ?

ಹಾಗೆ ಹನ್ನೊಂದು ಸಲ ಊದಿದೆ. ಸಣ್ಣಪ್ಪನ ಮೊಣಕೈ ಬೇರೆಯವರಿಗೆ ತಾಗಿದ್ದಕ್ಕೂ ಮಾಮೂಲಿನಂತೆ ಊದುತ್ತಲೇ ಇದ್ದೆ. ಆ ಗುರುತುಗಳು ಸುಡುತ್ತಾ ಮೂಡುತ್ತಲೇ ಇದ್ದವು. ಜನಕ್ಕೆ ಅದು ಕಾಣುತ್ತದೆಯೇ? "ಸುಣ್ಣ ತಿಂದಿದಾನೆ ಕಣ್ರೋ ಬಸವಯ್ಯ!" ಎಂದು ಕೋಟೆಬಾಗಿಲಿನವರು ಕೂಗಿದರು. ಯಾರೋ ನನ್ನ ಬೆನ್ನಿಗೆ ಕಡಲೆಕಾಯಿ ಸಿಪ್ಪೆ ಎಸೆದರು. ಕೊನೆಯ ಪಾಳಿಯಲ್ಲಿ, ಮೂರು ನಿಮಿಷ ಉಳಿದಿರುವಾಗ, ಸಣ್ಣಪ್ಪ ರಿಂಗಿನ ಕೆಳಗೆ ಧೊಪ್ಪೆಂದು ಬಿದ್ದ. ಪಾಲಾಕ್ಷ ಅವನ ಪಕ್ಕದಲ್ಲೇ ಇದ್ದ, ಕೈ ಚಾಚಿತ್ತು. ಊದಿದೆ. ಹನ್ನೆರಡನೆಯದು, ಪಾಲಾಕ್ಷನ ಐದನೆಯದು. ಐದಾದರೆ ಆಚೆಗೆ. ಅವನು ನನ್ನ ಮುಂದೆ ಬಂದು ಎದೆ ಮುಟ್ಟಿಕೊಂಡು, "ಮುಟ್ಟಿಲ್ಲ ಸಾರ್, ನನ್ನ ಮಗಳಾಣೆ, ಮುಟ್ಟಿಲ್ಲ" ಎಂದ. ನಾನು ಬೆರಳು ತೋರಿಸಿ ಕಳಿಸಿದೆ. ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತ.

ಆಟ ಮುಂದುವರಿಯಿತು, ನನ್ನ ಕಣ್ಣು ಮಾತ್ರ ಆ ಟವೆಲ್ಲಿನ ಕಡೆಗೇ ಹೋಗುತ್ತಿತ್ತು. ಮುಟ್ಟಿದ್ದನೋ, ಇಲ್ಲವೋ? ಮೈಯನ್ನು ಕೇಳಿದರೆ ಮೈ ಸುಮ್ಮನಿದೆ. ಸುಣ್ಣದಗೂಡು ಒಂದು ಅಂಕ ಹಿಂದಿತ್ತು. ಕೊನೆಯ ಎರಡು ಸೆಕೆಂಡಿನಲ್ಲಿ ಚೆಂಡು ಸಣ್ಣಪ್ಪನ ಕೈಗೆ ಬಂತು. ಅವನು ಎಗರಿದ. ಎದುರಾಳಿಯೊಬ್ಬ ಹಿಂದಿನಿಂದ ಅವನ ಬಲ ಮಣಿಕಟ್ಟಿಗೆ ಬಾರಿಸಿದ. ಕಂಡಿತು. ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ಸೀಟಿ ಬಾಯಲ್ಲಿತ್ತು. ಊದಲಿಲ್ಲ. ಚೆಂಡು ರಿಂಗಿಗೆ ಬಡಿದು ಆಚೆ ಹೋಯಿತು. ಸಣ್ಣಪ್ಪ ನೆಲಕ್ಕಿಳಿದು ನನ್ನನ್ನು ಒಂದು ಸಲ ನೋಡಿದ.

ಮಾರನೆಯ ಬೆಳಿಗ್ಗೆ ಡಿಸ್ಪೆನ್ಸರಿಯ ಬೆಂಚಿನ ಮೇಲೆ ನಿಂತೆ. ಸೀಟಿ ಇಪ್ಪತ್ತೊಂದು, ಗುರುತು ಒಂಬತ್ತು. ಸಾಹೇಬರು ಎರಡು ಸಲ ಎಣಿಸಿದರು, ನನ್ನ ಕಂಕುಳನ್ನೂ ಎತ್ತಿಸಿ ನೋಡಿದರು. ಆಮೇಲೆ ತಲೆ ತಗ್ಗಿಸಿಕೊಂಡು ನನ್ನ ಕೊರಳಿನ ದಾರ ಕತ್ತರಿಸಿದರು. "ನಾಳೆ ನೋಡಿ ಸಾಹೇಬರೇ" ಎಂದೆ. "ನನ್ನ ಕೈಲಿಲ್ಲ" ಎಂದರು. ಮನೆಗೆ ಬರುವಾಗ ದಾರಿಯಲ್ಲಿ ಯಾರೂ ಮಾತಾಡಿಸಲಿಲ್ಲ. ತರಕಾರಿಯವಳು ನನ್ನನ್ನು ಕಂಡು ತಕ್ಕಡಿ ಒರೆಸಲು ಶುರುಮಾಡಿದಳು.

ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ದಾಕ್ಷಾಯಿಣಿ ಎಣ್ಣೆ ಹಚ್ಚುತ್ತಿದ್ದಳು. ಒಂದೊಂದಾಗಿ ಮೂಡುತ್ತಿದ್ದವು. ಅಷ್ಟರಲ್ಲಿ ಮನೆಯೊಳಗೆ ಕತ್ತಲಾಯಿತು. ಬಾಗಿಲಲ್ಲಿ ಸಣ್ಣಪ್ಪ. ಗೋಡೆ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತ.

"ಎದ್ದು ಬರಬಾರದಿತ್ತು ಕಣಪ್ಪ" ಎಂದಳು ದಾಕ್ಷಾಯಿಣಿ.

"ನೀವು ಗಿರಣೀಲಿ ನನ್ನ ಹೆಂಡ್ತಿಗೆ ಎಲ್ಲಾ ಹೇಳಿದ್ರಂತೆ ಅಮ್ಮಾ. ಒಂದ್ಸಲ ಕಣ್ಣಾರೆ ನೋಡ್ಬೇಕಿತ್ತು." ನನ್ನ ಕಡೆ ತಿರುಗಿ, "ತಿರುಗಿ ಸಾರ್" ಎಂದ.

ತಿರುಗಿದೆ. ಅವನ ಬೆರಳು ನನ್ನ ಬೆನ್ನ ಮೇಲೆ ಬಂತು. ನಿಜ ಹೇಳುತ್ತೇನೆ, ಪಕ್ಕೆ ಒಳಗೆಳೆದುಕೊಂಡೆ. ಹನ್ನೊಂದು ವರ್ಷ ಆ ಕೈಯನ್ನು ಬೇರೆಯವರ ಮೈಯಿಂದಲೇ ಬಲ್ಲವನು ನಾನು. ಅದು ನೇರವಾಗಿ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಎಷ್ಟು ಮೆತ್ತಗೆ ಮುಟ್ಟಿದ ಎಂದರೆ ನನ್ನ ಕಣ್ಣಲ್ಲಿ ನೀರು ಬಂತು.

"ಇದು ಮೊದಲ್ನೇದು, ತೋಳು ಎಳೆದಿದ್ದು. ಇದು ಮಂಡಿ. ಇದು ಸೊಂಟ ಹಿಡ್ಕೊಂಡಿದ್ದು..." ಒಂದೊಂದನ್ನೂ ಗುರುತು ಹಿಡಿದು ಹೇಳಿದ. ತನ್ನ ಅಂಗಿ ಎತ್ತಿ ತೋರಿಸಿದ, ಅದೇ ಜಾಗಗಳಲ್ಲಿ ಅದೇ ನೀಲಿ. "ಇದೆಲ್ಲಾ ನನ್ನೊಬ್ಬನದೇ ಅಂದ್ಕೊಂಡಿದ್ದೆ ಸಾರ್" ಎಂದ.

ದಾಕ್ಷಾಯಿಣಿ ಎಣಿಸಿದಳು. "ಹನ್ನೆರಡು! ಹನ್ನೆರಡು ಸೀಟಿಗೆ ಹನ್ನೆರಡು! ಏಳಿ, ಈಗ್ಲೇ ಸಾಹೇಬರ ಹತ್ರ ಹೋಗಿ."

ಸಣ್ಣಪ್ಪ ಮಾತ್ರ ಬೆರಳು ಮಡಿಚುತ್ತಾ ಕೂತಿದ್ದ. "ಪಾಲಾಕ್ಷನ ಐದನೇದು ಇಲ್ಲಿಲ್ಲ ಸಾರ್."

"ಅಂದ್ರೆ?"

"ಅವನು ಮುಟ್ಟೇ ಇಲ್ಲ. ಬೆವರಿನ ಮೇಲೆ ನಾನೇ ಕಾಲು ಜಾರಿದ್ದು. ನೀವು ಊದ್ಬಿಟ್ರಿ, ನಾನೂ ಬಾಯಿ ಮುಚ್ಕೊಂಡಿದ್ದೆ." ಆಮೇಲೆ ನನ್ನ ಬಲ ಮಣಿಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದ. ಬಳೆಯ ಹಾಗೆ ಸುತ್ತ ನೀಲಿಗಟ್ಟಿತ್ತು. "ಇದು ಕೊನೇದು. ಇದಕ್ಕೆ ನೀವು ಊದ್ಲಿಲ್ಲ. ಕಾಣ್ಲಿಲ್ವಾ ಸಾರ್?"

ಕಾಣಲಿಲ್ಲ ಎಂದಿದ್ದರೆ ನಂಬುತ್ತಿದ್ದ, ಅಂಥ ಮನುಷ್ಯ. "ಕಂಡಿತು" ಎಂದೆ. "ಪಾಲಾಕ್ಷನ್ನ ಕಳಿಸಿದ ಮೇಲೆ ಹೆದರಿಕೆ ಹತ್ತಿಬಿಟ್ಟಿತ್ತು. ಊದಲಿಲ್ಲ."

ಅವನಿಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ; ಕತ್ತಿನ ನರಗಳು ಎದ್ದು ನಿಂತಿದ್ದವು. ಕೊನೆಗೆ ಸೀಸೆಯಿಂದ ಎಣ್ಣೆ ಸುರಿದುಕೊಂಡು ನನ್ನ ಮಣಿಕಟ್ಟಿಗೆ ಹಚ್ಚಿ ತಿಕ್ಕುತ್ತಾ, "ಲೆಕ್ಕ ಸರಿಹೋಗುತ್ತೆ ಸಾರ್. ಅವರು ಎಣಿಸ್ತಾರೆ, ಅಷ್ಟೇ. ನಡೀರಿ, ನಾನೂ ಬರ್ತೀನಿ. ಅಂಗಿ ಹಾಕ್ಬೇಡಿ" ಎಂದ.

ಸಂತೆಬೀದಿಯಲ್ಲಿ ಹೋದೆವು. ನಾನು ಬರಿಮೈಯಲ್ಲಿ, ನನ್ನ ಅಂಗಿ ಹಿಡಿದುಕೊಂಡು ಕುಂಟುತ್ತಾ ಅವನು ಹಿಂದೆ. ತಕ್ಕಡಿಗಳೆಲ್ಲ ನಿಂತವು. ಡಿಸ್ಪೆನ್ಸರಿ ತಲುಪುವ ಹೊತ್ತಿಗೆ ಅರ್ಧ ಊರು ಬೆನ್ನಿಗಿತ್ತು, ಪಾಲಾಕ್ಷನೂ ಸೈಕಲ್ ಹಿಡಿದುಕೊಂಡು ಒಂದು ಪಕ್ಕದಲ್ಲಿದ್ದ. ಸಾಹೇಬರು ಮೊದಲು ಆಗುವುದಿಲ್ಲ ಎಂದರು. ಸಣ್ಣಪ್ಪ ಹೊರಗಿನಿಂದಲೇ ತನ್ನ ಅಂಗಿ ಬಿಚ್ಚಿ ಬೆನ್ನು ತಿರುಗಿಸಿದ. ಅವರು ಅವನ ಬೆನ್ನು ನೋಡಿದರು, ನನ್ನ ಬೆನ್ನು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಭೂತಗನ್ನಡಿ ಹಿಡಿದು ಎಣಿಸಿದರು. ಹಳದಿಗೆ ತಿರುಗಿದ ಹಳೆಯವು ಒಂಬತ್ತು. ಹೊಸವು ಹನ್ನೆರಡು. "ಇಪ್ಪತ್ತೊಂದಕ್ಕೆ ಇಪ್ಪತ್ತೊಂದು" ಎಂದು ಗಟ್ಟಿಯಾಗಿ ಹೇಳಿದರು. ಜನ ಹೋ ಎಂದು ಕೂಗಿದರು. ಮೊನ್ನೆ ಸಿಪ್ಪೆ ಎಸೆದವರೂ ಕೂಗಿದರೆಂದು ಕಾಣುತ್ತದೆ. ಸಾಹೇಬರು ಮೇಜಿನ ಡ್ರಾಯರಿನಿಂದ ನನ್ನ ಸೀಟಿ ತೆಗೆದು, ಕತ್ತರಿಸಿದ ದಾರಕ್ಕೆ ತಾವೇ ಗಂಟು ಹಾಕಿ, ನನ್ನ ಕೊರಳಿಗೆ ಹಾಕಲು ಬಂದರು. ಅವರ ಕಣ್ಣು ತುಂಬಿತ್ತು.

ಆ ಗಳಿಗೆಯಲ್ಲಿ ಸುಮ್ಮನಿರುವುದು ಎಷ್ಟು ಸುಲಭವಿತ್ತು! ನನ್ನ ತಪ್ಪು ಎರಡು, ಒಂದು ಹೆಚ್ಚಿಗೆ, ಒಂದು ಕಡಿಮೆ. ಎರಡೂ ಸೇರಿ ಒಂದನ್ನೊಂದು ಮುಚ್ಚಿಹಾಕಿದ್ದವು.

"ತಡೀರಿ ಸಾಹೇಬರೇ" ಎಂದೆ. ಮಣಿಕಟ್ಟು ಎತ್ತಿ ಹಿಡಿದೆ. "ಇದು ಊದದೆ ನುಂಗಿದ್ದು. ಊದಿದ್ದರೆ ಸುಣ್ಣದಗೂಡಿಗೆ ಕೊನೇ ಎರಡು ಥ್ರೋ ಸಿಗುತ್ತಿತ್ತು. ಇನ್ನು ಪಾಲಾಕ್ಷನ ಐದನೆಯದಕ್ಕೆ ನನ್ನ ಮೈಮೇಲೆ ಗುರುತೇ ಇಲ್ಲ. ಅವನು ಮುಟ್ಟಿರಲಿಲ್ಲ."

ಕೂಗು ನಿಂತಿತು. ಪಾಲಾಕ್ಷನ ಸೈಕಲ್ ಬಿದ್ದ ಸದ್ದು ಕೇಳಿಸಿತು. ಸಾಹೇಬರು ಸೀಟಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿಟ್ಟುಕೊಂಡು, ಮೆಲ್ಲನೆ, ನನಗೊಬ್ಬನಿಗೇ ಕೇಳುವಂತೆ ಹೇಳಿದರು: "ಲೆಕ್ಕ ಸರಿಹೋಗಿತ್ತಲ್ಲ ಮಾರಾಯ್ರೇ. ಯಾರಿಗೆ ಗೊತ್ತಾಗ್ತಿತ್ತು?"

ನಾನು ಬಾಗಿಲ ಕಡೆ ನೋಡಿದೆ. ಡಿಸ್ಪೆನ್ಸರಿಯ ಬಾಗಿಲು ಗಿಡ್ಡ, ಸಣ್ಣಪ್ಪ ಒಳಗೆ ಬರಲಾಗದೆ ಹೊರಗೇ ನಿಂತಿದ್ದ. ಅವನ ಮುಖ ಕಾಣುತ್ತಿರಲಿಲ್ಲ. ನನ್ನ ಅಂಗಿ ಹಿಡಿದ ಕೈ, ಆ ಮಣಿಕಟ್ಟು, ಅಷ್ಟೇ ಕಾಣುತ್ತಿತ್ತು.

"ಅವನಿಗೆ ಗೊತ್ತಿತ್ತು" ಎಂದೆ.